ಪರದೆಯ ಹಿಂದಿನ ಪುಟ್ಟ ಪಾದಗಳು

ಊಟ ಮಾಡುತ್ತಾ ಪತ್ರಿಕೆ ಓದುವ ಅಭ್ಯಾಸವಿರುವವರು ಈ ವಾರದ ಬರಹವನ್ನು ಕೈ ತೊಳೆದ ಮೇಲೆ ಓದಿಕೊಳ್ಳಿ. ಯಾಕೆಂದರೆ ನಾನು ಬರೆಯಹೊರಟಿರುವುದು ಕಕ್ಕದ ವಿಷಯ. ನಗಬೇಡಿ. ಮಗು ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ ಎನ್ನುವ ಮನೆಯಲ್ಲಿ ಒಂದು ವಾರ ಇದ್ದು ನೋಡಿ, ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ ಅನ್ನಿಸಿಬಿಡುತ್ತದೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಮಗನ ಮನೆಗೆ ಹೋದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗ ಪುಟ್ಟನಿಗೆ ಆಗ ಎರಡೂವರೆ ವರ್ಷ. ಜೂನ್‌ನಲ್ಲಿ ಅವನನ್ನು ಪ್ಲೇ ಹೋಮಿಗೆ ಸೇರಿಸಬೇಕಿತ್ತು. ಅಲ್ಲಿಯವರು, ‘ಮಗು ಡೈಪರ್ ಬಿಟ್ಟಿರಬೇಕು’ ಎಂದಿದ್ದರು. ಸೊಸೆಗೆ ಅದೇ ಚಿಂತೆ. ನಾನು ಬ್ಯಾಗ್ ಕೆಳಗಿಡುವ ಮೊದಲೇ ಭರವಸೆ ಕೊಟ್ಟುಬಿಟ್ಟೆ: “ಅದೇನು ದೊಡ್ಡ ವಿಷಯ ಕಣಮ್ಮ! ನನ್ನ ಎರಡು ಮಕ್ಕಳೂ ಒಂದೂವರೆ ವರ್ಷಕ್ಕೆಲ್ಲ ಹೇಳಿ ಹೋಗ್ತಿದ್ವು. ನೀನು ಆಫೀಸಿಗೆ ಹೋಗು, ನಾನು ನೋಡ್ಕೋತೀನಿ.”

ಡೈಪರ್ ಬಿಚ್ಚಿ ಚಡ್ಡಿ ಹಾಕಿದೆ. ಒಂದಕ್ಕೆ ಹೋಗುವುದನ್ನು ಪುಟ್ಟ ಹತ್ತೇ ದಿನದಲ್ಲಿ ಕಲಿತ. ನನ್ನ ಹೆಮ್ಮೆಗೆ ಪಾರವಿರಲಿಲ್ಲ. ಎರಡಕ್ಕೆ ಮಾತ್ರ ತಕರಾರು. ದೊಡ್ಡವರ ಕಮೋಡಿನ ಮೇಲೆ ಚಿಕ್ಕ ಸೀಟು ಇಟ್ಟು ಕೂರಿಸಿದರೆ ಕಾಲು ಗಾಳಿಯಲ್ಲಿ ತೇಲಾಡುತ್ತಿತ್ತು. ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದು ‘ಇಳ್ಸು, ಇಳ್ಸು’ ಅನ್ನುತ್ತಿದ್ದ. ಬೇಸಗೆ ಬೇರೆ, ನೀರು ಕುಡಿಯುವುದು ಕಡಿಮೆ. ಒಂದು ದಿನ ಕಕ್ಕ ಕಲ್ಲಿನ ಹಾಗೆ ಗಟ್ಟಿಯಾಗಿ ಬಂತು. ಮಗು ಚೀರಿದ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ತೊಳೆಯುವಾಗ ನೋಡಿದರೆ ಒಂದು ಹನಿ ರಕ್ತ.

ಅವತ್ತಿನಿಂದ ಶುರುವಾಯಿತು ನೋಡಿ.

ಹಾಲಿನ ಕಿಟಕಿಗೆ ನೆಲದವರೆಗೆ ಇಳಿಬಿದ್ದ ಪರದೆಯಿದೆ. ಆಡುತ್ತಾ ಆಡುತ್ತಾ ಪುಟ್ಟ ಇದ್ದಕ್ಕಿದ್ದ ಹಾಗೆ ಅದರ ಹಿಂದೆ ಹೋಗಿ ನಿಲ್ಲುತ್ತಿದ್ದ. ಹೊರಗೆ ಕಾಣುತ್ತಿದ್ದುದು ಎರಡು ಪುಟ್ಟ ಪಾದಗಳು ಮಾತ್ರ, ಅದೂ ತುದಿಬೆರಳ ಮೇಲೆ. ಇಣುಕಿದರೆ ಮುಖ ಕೆಂಪಗಾಗಿ, ಮೈ ಸೆಟೆದು, ತೊಡೆಗೆ ತೊಡೆ ಒತ್ತಿಕೊಂಡು ನಿಂತಿರುತ್ತಿದ್ದ. “ತಿಣುಕ್ತಿದಾನೆ, ಸುಮ್ನಿರಿ, ಈಗ ಬರುತ್ತೆ” ಎಂದು ನಾನು ಎಲ್ಲರಿಗೂ ಸನ್ನೆ ಮಾಡುತ್ತಿದ್ದೆ. ಹತ್ತು ನಿಮಿಷದ ನಂತರ ಅವನು ಹೊರಬಂದು ಮತ್ತೆ ಕಾರು ಓಡಿಸಲು ಕೂರುತ್ತಿದ್ದ. ಚಡ್ಡಿ ನೋಡಿದರೆ ಏನೂ ಇಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಹೊಟ್ಟೆ ಉಬ್ಬಿತು. ಊಟ ಬೇಡ ಅಂದ. ರಾತ್ರಿ ನಿದ್ದೆಯಲ್ಲಿ ಎದ್ದು ಅಳುತ್ತಿದ್ದ.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪೇ. ಸೊಸೆ ಕೈಗೆ ಮೊಬೈಲ್ ಕೊಟ್ಟು ಮುಕ್ಕಾಲು ಗಂಟೆ ಕಮೋಡಿನ ಮೇಲೆ ಕೂರಿಸಿದಳು. ಮಗ ‘ಮಾಡಿದ್ರೆ ಚಾಕೊಲೇಟ್’ ಅಂದ, ಅದಾಗದಿದ್ದಾಗ ಗದರಿದ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ನಮ್ಮ ಕಡೆ ಹಿಂದಿನಿಂದ ಬಂದ ಉಪಾಯವೊಂದಿದೆ. ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಇಡುವುದು. ಕೆಲವರು ಸೋಪಿನ ಚೂರನ್ನೂ ಇಡುತ್ತಾರೆ. ಐದನೆಯ ದಿನ ಮಗ ಕಾಲು ಹಿಡಿದುಕೊಂಡ, ನಾನು ತೊಟ್ಟು ಇಟ್ಟೆ. ಪುಟ್ಟ ಒದ್ದಾಡಿದ, ‘ಅಜ್ಜೀ ಬೇಡಾ’ ಎಂದು ಕಿರುಚಿದ. ಕಕ್ಕವೇನೋ ಬಂತು. ನಾನು ಗೆದ್ದವಳಂತೆ ಕೈ ತೊಳೆದುಕೊಂಡೆ.

ಆದರೆ ಮಗು ಎರಡು ದಿನ ನನ್ನ ಹತ್ತಿರ ಬರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವುದು ನನ್ನ ಹಳೇ ಅಭ್ಯಾಸ. ತಟ್ಟೆ ಮುಂದಿಟ್ಟುಕೊಂಡು ಎಲೆಯ ತೊಟ್ಟು ಮುರಿದೆನೋ ಇಲ್ಲವೋ, ಪುಟ್ಟ ಆಟದ ಸಾಮಾನು ಅಲ್ಲೇ ಬಿಟ್ಟು ಒಳಗಿನ ಕೋಣೆಗೆ ಓಡಿದ. ಮಂಚದ ಕೆಳಗೆ ಅಡಗಿ ಕೂತ. ನನ್ನ ಎದೆ ಧಸಕ್ಕೆಂದಿತು. ಎಲೆ ಬಾಯಿಗೆ ಹೋಗಲಿಲ್ಲ.

ಇದರ ಜೊತೆಗೆ ಇನ್ನೊಂದು ವಿಚಿತ್ರ. ಚಡ್ಡಿಯಲ್ಲಿ ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ಕಲೆ ಕಾಣಿಸತೊಡಗಿತು. ನಾನು ‘ಭೇದಿ ಶುರುವಾಗಿದೆ’ ಎಂದು ಹಣ್ಣು ನಿಲ್ಲಿಸಿ ಬರೀ ಮೊಸರನ್ನ ಕೊಟ್ಟೆ. ‘ಛೀ, ಗಲೀಜು, ಹೇಳಬಾರ್ದಾ?’ ಎಂದು ಬೈದೆ ಕೂಡ. ಕೊನೆಗೆ ಸೊಸೆಯೇ ಗಟ್ಟಿ ಮನಸ್ಸು ಮಾಡಿ ಹೇಳಿದಳು, “ಅತ್ತೆ, ಇನ್ನು ಮನೆಯಲ್ಲಿ ಏನೂ ಮಾಡೋದು ಬೇಡ. ಡಾಕ್ಟರಿಗೆ ತೋರಿಸೋಣ.”

ಮಕ್ಕಳ ಡಾಕ್ಟರು ನನ್ನ ವಯಸ್ಸಿನವರೇ. ಪುಟ್ಟನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ನನ್ನನ್ನು ಕೇಳಿದರು, “ಪರದೆ ಹಿಂದೆ ನಿಂತಾಗ ಕಾಲು ಹೇಗಿಟ್ಕೊಂಡಿರ್ತಾನೆ, ತೋರಿಸಿ ನೋಡೋಣ.” ನಾನು ಎದ್ದು ತುದಿಗಾಲಲ್ಲಿ ನಿಂತು ತೊಡೆ ಬಿಗಿ ಹಿಡಿದು ತೋರಿಸಿದೆ. ಹಾಗೆ ನಿಂತ ಕ್ಷಣವೇ ನನಗೆ ಅರ್ಥವಾಯಿತು. ಹೀಗೆ ನಿಂತು ಯಾರಾದರೂ ಹೊರಗೆ ಹಾಕಲು ಸಾಧ್ಯವೇ?

“ನೋಡಿದ್ರಾ? ಅವನು ತಿಣುಕ್ತಾ ಇಲ್ಲ ಅಮ್ಮ, ತಡ್ಕೊಳ್ತಾ ಇದಾನೆ” ಅಂದರು ಅವರು.

ಆಮೇಲೆ ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ದೊಡ್ಡ ಕರುಳಿನ ಒಂದು ಮುಖ್ಯ ಕೆಲಸ ನೀರು ಹೀರಿಕೊಳ್ಳುವುದು. ಮಲ ಒಳಗೆ ಉಳಿದಷ್ಟೂ ಒಣಗುತ್ತದೆ, ಗಟ್ಟಿಯಾಗುತ್ತದೆ, ದಪ್ಪವೂ ಆಗುತ್ತದೆ. ಅದು ಹೊರಬರುವಾಗ ನೋವಾಗುತ್ತದೆ, ಕೆಲವೊಮ್ಮೆ ಚರ್ಮ ಸೀಳಿ ರಕ್ತ ಬರುತ್ತದೆ. ಮಗುವಿನ ಲೆಕ್ಕ ಸರಳ: ಕಕ್ಕ ಎಂದರೆ ನೋವು, ಆದ್ದರಿಂದ ಕಕ್ಕ ಬೇಡ. ತಡೆದುಕೊಳ್ಳುತ್ತದೆ. ತಡೆದಷ್ಟೂ ಇನ್ನೂ ಗಟ್ಟಿ, ಇನ್ನೂ ನೋವು, ಇನ್ನೂ ಭಯ. ಗಾಣದೆತ್ತಿನ ಹಾಗೆ ಇದೇ ಸುತ್ತು. ದಿನಗಟ್ಟಲೆ ತುಂಬಿಕೊಂಡರೆ ಮಲಾಶಯ ಹಳೇ ಚಡ್ಡಿಯ ಎಲಾಸ್ಟಿಕ್‌ನಂತೆ ಹಿಗ್ಗಿ, ‘ಈಗ ಹೋಗಬೇಕು’ ಎನ್ನುವ ಸೂಚನೆಯೇ ಮಂಕಾಗುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರಾದ ಮಲ ಜಿನುಗುತ್ತದೆ. ನಾನು ಭೇದಿ ಅಂದುಕೊಂಡದ್ದು ಅದೇ. ಅದು ಮಗುವಿಗೆ ತಿಳಿಯದೆಯೇ ಆಗುವಂಥದ್ದು. ನಾನು ಬೈದದ್ದು ಅವನ ಕೈಯಲ್ಲಿಲ್ಲದ ವಿಷಯಕ್ಕೆ.

“ತೊಟ್ಟು ಇಟ್ಟೆ” ಎಂದು ತಲೆ ತಗ್ಗಿಸಿಕೊಂಡೇ ಹೇಳಿದೆ. ಅವರು ಬೈಯಲಿಲ್ಲ. “ಅವನಿಗೆ ಮೊದಲೇ ಅಲ್ಲಿ ಗಾಯವಿತ್ತು, ಹೆದರಿಕೆಯಿತ್ತು. ಹಿಡಿದು ಇಟ್ಟರೆ ಹೆದರಿಕೆ ಇಮ್ಮಡಿ. ಸೋಪು ಒಳಗಿನ ಪೊರೆಯನ್ನು ಉರಿಸುತ್ತೆ. ಎರಡೂ ಇನ್ನು ಬೇಡ” ಅಂದರು. ಆಮೇಲೆ ಅವರು ಹೇಳಿದ ಒಂದು ಮಾತನ್ನು ನಾನು ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ: ಮೊದಲು ನೋವು ಹೋಗಬೇಕು, ನಂತರ ಭಯ ಹೋಗುತ್ತದೆ, ಕಲಿಯುವುದು ಕೊನೆಗೆ.

ನೋವು ಹೋಗಲು ಔಷಧಿ ಬೇಕೇ ಬೇಕು ಅಂದರು. ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿ, ಪಾಲಿಎಥಿಲೀನ್ ಗ್ಲೈಕಾಲ್ ಎಂದು ಹೆಸರು. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಾಗಿಸುತ್ತದೆ. ಮೊದಲ ಕೆಲವು ದಿನ ಒಳಗೆ ಕಟ್ಟಿಕೊಂಡದ್ದು ಖಾಲಿಯಾಗಲು ಹೆಚ್ಚು, ಆಮೇಲೆ ದಿನಾ ಕಡಿಮೆ ಪ್ರಮಾಣ. ಎಷ್ಟು ಎನ್ನುವುದು ಮಗುವಿನ ತೂಕ ನೋಡಿ ಡಾಕ್ಟರೇ ನಿರ್ಧರಿಸಬೇಕು, ಪಕ್ಕದ ಮನೆಯ ಮಗುವಿನ ಚೀಟಿ ನೋಡಿ ತರುವಂಥದ್ದಲ್ಲ. ‘ಔಷಧಿ ಅಭ್ಯಾಸವಾಗಿಬಿಟ್ಟರೆ?’ ಎಂದು ನಾನು ಕೇಳಿಯೇ ಕೇಳಿದೆ. ಇದು ಕರುಳನ್ನು ಕೆರಳಿಸಿ ಓಡಿಸುವ ಔಷಧಿಯಲ್ಲ, ಮಲವನ್ನು ನೆನೆಸಿಡುವುದಷ್ಟೇ ಇದರ ಕೆಲಸ, ಅಭ್ಯಾಸವಾಗುವುದಿಲ್ಲ ಅಂದರು. ನಮ್ಮ ದೇಶದ ಮಕ್ಕಳ ತಜ್ಞರು 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಒಂದು ವರ್ಷ ದಾಟಿದ ಮಕ್ಕಳಿಗೆ ಇದೇ ಮೊದಲ ಆಯ್ಕೆ. ದೀರ್ಘಕಾಲ ಕೊಟ್ಟು, ಸರಿಹೋದ ಮೇಲಷ್ಟೇ ನಿಧಾನವಾಗಿ ಇಳಿಸುತ್ತಾ ಬರಬೇಕು ಎಂದೂ ಅದರಲ್ಲಿದೆ.

ಎರಡನೆಯ ಮಾತು ನನಗೆ ನುಂಗಲು ಕಷ್ಟವಾಯಿತು. “ಡೈಪರ್ ವಾಪಸ್ ಹಾಕಿ” ಅಂದರು. ಎರಡು ತಿಂಗಳಲ್ಲಿ ಪ್ಲೇ ಹೋಮು ಶುರುವಾಗುತ್ತದೆ, ನಾನು ಬೇರೆ ಜಂಬ ಕೊಚ್ಚಿಕೊಂಡಿದ್ದೆ. ಮಗ ಕೇಳಿದ, “ಅಡ್ಮಿಶನ್ ಏನ್ಮಾಡೋದು ಡಾಕ್ಟ್ರೇ?” ಅವರೆಂದರು, “ಶಾಲೆ ಕಾಯುತ್ತೆ. ಇವನ ಭಯ ಕಾಯಲ್ಲ, ಬೆಳೆಯುತ್ತೆ.” ದಾರಿಯಲ್ಲಿ ಮಗ, ಸೊಸೆ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ಸೊಸೆ ಪ್ಲೇ ಹೋಮಿಗೆ ಫೋನ್ ಮಾಡಿ, ದಸರಾ ಕಳೆದ ಮೇಲೆ ಸೇರಿಸುತ್ತೇವೆ ಎಂದಳು. ನಾನು ಊರಿಗೆ ಫೋನ್ ಮಾಡಿ, ದಸರಾವರೆಗೆ ಬರುವುದಿಲ್ಲ ಎಂದೆ.

ಅವತ್ತು ರಾತ್ರಿ ಮಲಗುವ ಮುಂಚೆ ಪುಟ್ಟನ ಪಕ್ಕದಲ್ಲಿ ಕೂತು ಹೇಳಿದೆ, “ಪುಟ್ಟಾ, ಅಜ್ಜಿ ಅವತ್ತು ನಿಂಗೆ ನೋವು ಮಾಡ್ಬಿಟ್ಟೆ. ತಪ್ಪಾಯ್ತು. ಇನ್ಮೇಲೆ ಹಾಗೆ ಮಾಡಲ್ಲ.” ಎರಡೂವರೆ ವರ್ಷದ ಮಗುವಿಗೆ ಏನು ತಿಳಿಯುತ್ತದೆ ಅನ್ನಬೇಡಿ. ಅವನು ನನ್ನನ್ನೇ ನೋಡಿ ಕೇಳಿದ, “ಎಲೆ ಇಲ್ಲ?” “ಎಲೆ ಇಲ್ಲ” ಎಂದೆ. “ಅಪ್ಪ ಕಾಲು ಹಿಡಿಯಲ್ಲ?” “ಯಾರೂ ಹಿಡಿಯಲ್ಲ.” ಹಾಸಿಗೆಯ ಆ ತುದಿಯಿಂದ ಉರುಳಿ ಬಂದು ನನ್ನ ಸೆರಗು ಹಿಡಿದುಕೊಂಡು ಮಲಗಿದ.

ಮುಂದಿನ ತಿಂಗಳುಗಳಲ್ಲಿ ಮಾಡಿದ್ದನ್ನು ನಿಮ್ಮ ಮನೆಗೂ ಉಪಯೋಗವಾಗಲೆಂದು ಬರೆಯುತ್ತೇನೆ.

ಊಟದಲ್ಲಿ ಮೊದಲು ಕೈಹಾಕಿದ್ದು ಹಾಲಿಗೆ. ಬಾಟಲಿಗೆ 200 ಮಿಲಿಲೀಟರಿನಂತೆ ನಾಲ್ಕು ಬಾಟಲಿ ಕುಡಿಯುತ್ತಿದ್ದ. ಹಾಲಿನಲ್ಲಿ ನಾರಿಲ್ಲ, ಹೊಟ್ಟೆ ತುಂಬಿದರೆ ಊಟವೂ ಸೇರುವುದಿಲ್ಲ. ದಿನಕ್ಕೆ 400 ಮಿಲಿಲೀಟರಿಗೆ ಇಳಿಸಿ, ಲೋಟದಲ್ಲಿ ಕೊಟ್ಟೆವು. ಆ ಜಾಗಕ್ಕೆ ಪರಂಗಿಹಣ್ಣು, ಬೀಜ ತೆಗೆದ ಸೀಬೆ, ರಾತ್ರಿ ನೆನೆಸಿ ಕಿವುಚಿದ ಒಣದ್ರಾಕ್ಷಿ, ಸೊಪ್ಪಿನ ಹುಳಿ, ತುಪ್ಪ ಹಾಕಿದ ಮೆತ್ತನೆ ರಾಗಿ ಮುದ್ದೆ ಬಂತು. ಬಿಸ್ಕತ್ತು ಕಡಿಮೆಯಾಯಿತು. ಅವನ ಕೈಗೆಟುಕುವ ಹಾಗೆ ಚಿಕ್ಕ ನೀರಿನ ಲೋಟ ಇಟ್ಟೆವು. ಆದರೆ ಒಂದು ಮಾತು: ಮಲ ಕಟ್ಟಿಕೊಂಡು ಕೂತಿರುವಾಗ ಹಣ್ಣು ತರಕಾರಿಯೊಂದರಿಂದಲೇ ಅದು ಸರಿಹೋಗುವುದಿಲ್ಲ. ಔಷಧಿ ದಾರಿ ಬಿಡಿಸುತ್ತದೆ, ಊಟ ದಾರಿಯನ್ನು ತೆರೆದಿಡುತ್ತದೆ.

ಕೂರುವ ಅಭ್ಯಾಸವನ್ನು ಹೊಸದಾಗಿ ಮಾಡಿಸಿದೆವು. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ಕರುಳು ತಾನಾಗಿ ಚುರುಕಾಗುತ್ತದೆ. ಅದಕ್ಕೇ ಬೆಳಗಿನ ತಿಂಡಿಯ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ, ಐದೇ ನಿಮಿಷ. ಮೊದಲ ವಾರ ಡೈಪರ್ ಹಾಕಿಕೊಂಡೇ, ಬರೀ ಕತೆ ಕೇಳಲು. ಮೊಬೈಲ್ ಇಲ್ಲ. ಏಳುತ್ತೇನೆ ಅಂದರೆ ಏಳಬಹುದು. ಕೂತಿದ್ದಕ್ಕೆ ಕ್ಯಾಲೆಂಡರಿನಲ್ಲಿ ಒಂದು ನಕ್ಷತ್ರ. ಕಕ್ಕ ಬಂದರೂ ಒಂದೇ, ಬಾರದಿದ್ದರೂ ಒಂದೇ.

ಕಾಲಿಗೆ ಆಸರೆ ಕೊಟ್ಟದ್ದು ನಮ್ಮ ಹಳೇ ಮಣೆ. ಇದರ ಹಿಂದೆ ಒಂದು ಸ್ವಾರಸ್ಯವಿದೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ನಾನು ಕಾಲು ನೀಡಿ ಕೂತು, ಪಾದಗಳ ಮೇಲೆ ಮಗುವನ್ನು ಕೂರಿಸಿ, ಕೆಳಗೆ ಹಳೇ ಪೇಪರ್ ಹಾಸುತ್ತಿದ್ದೆ. ನಮ್ಮ ಅಮ್ಮಂದಿರೆಲ್ಲ ಮಾಡಿದ್ದು ಹಾಗೆಯೇ. ಡಾಕ್ಟರು ಅದನ್ನು ಕೇಳಿ, “ಅದು ಒಳ್ಳೇ ಪದ್ಧತಿ ಅಮ್ಮ. ಮಗು ಕುಕ್ಕರುಗಾಲಲ್ಲಿ ಇರ್ತಿತ್ತು, ನಿಮ್ಮ ಆಸರೆಯೂ ಇರ್ತಿತ್ತು. ಕಮೋಡಿನ ಮೇಲೆ ಕಾಲು ನೇತಾಡಿದ್ರೆ ಆ ಭಾಗದ ಸ್ನಾಯು ಸಡಿಲವಾಗಲ್ಲ” ಅಂದರು. ಕಾಲು ಊರಿಕೊಳ್ಳಲು ಏನಾದರೂ ಇಡಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಲಿ ಎಂದರು. ಒಂದು ಮಣೆ ಸಾಲಲಿಲ್ಲ, ಎರಡನ್ನು ಒಂದರ ಮೇಲೊಂದು ಇಟ್ಟು, ಜಾರದ ಹಾಗೆ ಕಟ್ಟಿದೆವು. ಕಾಲೂರಿದ ದಿನ ಪುಟ್ಟ ಸೀಟನ್ನು ಹಿಡಿದಿದ್ದ ಕೈ ಬಿಟ್ಟ.

ಊದುವುದು ಇನ್ನೊಂದು ಉಪಾಯ. ‘ತಿಣುಕು’ ಅಂದರೆ ಮಕ್ಕಳು ಬಿಗಿ ಹಿಡಿಯುತ್ತಾರೆ. ಸೋಪಿನ ಗುಳ್ಳೆ ಊದಲು ಕೊಟ್ಟರೆ ಹೊಟ್ಟೆಯ ಒತ್ತಡ ತಾನಾಗಿ ಕೆಳಗೆ ಬೀಳುತ್ತದೆ, ಬಿಗಿಯೂ ಸಡಿಲವಾಗುತ್ತದೆ. ನಮ್ಮ ಬಚ್ಚಲಲ್ಲಿ ಆ ದಿನಗಳಲ್ಲಿ ಹಗಲೆಲ್ಲ ಗುಳ್ಳೆಗಳ ಜಾತ್ರೆ.

ಹಂತ ಹಂತವಾಗಿ ಮುಂದೆ ಹೋದೆವು. ಮೊದಲು, ಡೈಪರಿನಲ್ಲಿ ಎಲ್ಲಿ ಬೇಕಾದರೂ ಮಾಡಲಿ, ಪರದೆಯ ಹಿಂದಾದರೂ ಸರಿ, ಒಟ್ಟು ಮಾಡಲಿ. ಅದು ನೋವಿಲ್ಲದೆ ಬರತೊಡಗಿ ಎರಡು ವಾರವಾದ ಮೇಲೆ, ಡೈಪರಿನಲ್ಲೇ, ಆದರೆ ಬಚ್ಚಲುಮನೆಯಲ್ಲಿ. ಆಮೇಲೆ ಡೈಪರ್ ಹಾಕಿಕೊಂಡು ಸೀಟಿನ ಮೇಲೆ. ಆಮೇಲೆ ಡೈಪರಿನ ಪಟ್ಟಿ ಸಡಿಲಿಸಿ. ಕೊನೆಗೆ ಡೈಪರನ್ನು ಸೀಟಿನೊಳಗೆ ಬರೀ ಹಾಸಿ. ಪ್ರತಿ ಹಂತದಲ್ಲೂ ಹೆದರಿದರೆ ಒಂದು ಹೆಜ್ಜೆ ಹಿಂದೆ. ಇಡೀ ಮನೆಯಲ್ಲಿ ‘ಛೀ’ ಶಬ್ದಕ್ಕೆ ನಿಷೇಧ. ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ನಾನೇ ಹತ್ತು ರೂಪಾಯಿ ದಂಡ ಕಟ್ಟಿದ್ದೇನೆ.

ಡಾಕ್ಟರು ಒಂದು ಚಿತ್ರಪಟವನ್ನೂ ಕೊಟ್ಟಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ರೂಪಿಸಿ 1997ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಮಲವನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಒಂದನೆಯದು ಆಡಿನ ಹಿಕ್ಕೆಯಂಥ ಉಂಡೆಗಳು, ನಾಲ್ಕನೆಯದು ಬಾಳೆಹಣ್ಣಿನಂತೆ ನುಣುಪಾದದ್ದು, ಏಳನೆಯದು ಬರೀ ನೀರು. ಸೊಸೆ ದಿನಾ ಆಫೀಸಿನಿಂದ ಫೋನ್ ಮಾಡಿ, “ಅತ್ತೆ, ಇವತ್ತು ಎಷ್ಟು?” ಎನ್ನುವಳು. “ನಾಲ್ಕು ಕಣಮ್ಮ!” ಎಂದು ನಾನು ಕೂಗಿದರೆ, ಅವಳ ಪಕ್ಕದಲ್ಲಿ ಕೂತವರು ಮೊಮ್ಮಗನ ಹಲ್ಲಿನ ಲೆಕ್ಕ ಅಂದುಕೊಂಡಿದ್ದರಂತೆ.

ಎಲ್ಲ ನೇರವಾಗಿ ಸಾಗಿತು ಎಂದು ತಿಳಿಯಬೇಡಿ. ಜುಲೈ ಹೊತ್ತಿಗೆ ದಿನಾ ಮೆತ್ತಗೆ ಆಗುತ್ತಿತ್ತು. ಇನ್ನೇಕೆ ಔಷಧಿ ಎಂದು, ಯಾರನ್ನೂ ಕೇಳದೆ ನಾವೇ ನಿಲ್ಲಿಸಿದೆವು. ತೀರ್ಥಹಳ್ಳಿಯಲ್ಲಿ ನೆಂಟರ ಮದುವೆಗೆ ಹೋಗಿ, ಮೂರು ದಿನ ಊಟ ನಿದ್ದೆ ಏರುಪೇರಾಗಿ ಬಂದರೆ, ಆರನೆಯ ದಿನ ಪರದೆಯ ಹಿಂದೆ ಮತ್ತೆ ಆ ಪಾದಗಳು. ನನಗೆ ಅಳುವೇ ಬಂತು. ಡಾಕ್ಟರು ಹೇಳಿದರು, “ಹಿಗ್ಗಿದ ಮಲಾಶಯ ಮೊದಲಿನಂತಾಗೋಕೆ ತಿಂಗಳುಗಳೇ ಬೇಕು. ಹೊರಗೆ ಸರಿಹೋಗಿದೆ ಅಂತ ಕಂಡರೂ ಒಳಗೆ ಇನ್ನೂ ಸರಿಯಾಗಿರಲ್ಲ.” ಮತ್ತೆ ಶುರು ಮಾಡಿದೆವು. ಈ ಸಲ ಗಾಬರಿಯಾಗಲಿಲ್ಲ, ಗದರಲಿಲ್ಲ. ಎರಡು ವಾರದಲ್ಲಿ ದಾರಿಗೆ ಬಂತು. ಔಷಧಿಯನ್ನು ಪೂರ್ತಿ ನಿಲ್ಲಿಸಿದ್ದು ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬಂದು, ಸಂಕ್ರಾಂತಿ ಕಳೆದ ಮೇಲೆ.

ಕೆಲವು ಲಕ್ಷಣ ಕಂಡರೆ ಮಾತ್ರ ಮನೆಯಲ್ಲಿ ಕಾಯಬಾರದು. ಹುಟ್ಟಿದ ಮೊದಲ ಎರಡು ದಿನದಲ್ಲಿ ಮಗು ಕಪ್ಪು ಮಲ ಹಾಕದಿದ್ದುದು, ಎಳೆಗೂಸಾಗಿದ್ದಾಗಿನಿಂದಲೇ ಹೊಟ್ಟೆ ಕಟ್ಟುವುದು, ಹೊಟ್ಟೆ ಬಿಗಿದು ಉಬ್ಬಿ ವಾಂತಿಯಾಗುವುದು, ಜ್ವರ, ತೂಕ ಏರದಿರುವುದು, ಕಾಲಿನಲ್ಲಿ ಬಲವಿಲ್ಲದಿರುವುದು, ಹೆಚ್ಚು ರಕ್ತ ಹೋಗುವುದು. ಇವುಗಳ ಹಿಂದೆ ಬೇರೆ ಕಾರಣವಿರಬಹುದು, ತಡಮಾಡದೆ ತೋರಿಸಬೇಕು. ಇನ್ನೊಂದು ಕಡೆ, ಚೆನ್ನಾಗಿ ಉಂಡು ಆಡುವ ಮಗು ದಿನ ಬಿಟ್ಟು ದಿನ ಮೆತ್ತಗೆ ಹೋದರೆ ಚಿಂತಿಸಬೇಕಿಲ್ಲ. ಎಷ್ಟು ಸಲ ಎನ್ನುವುದಕ್ಕಿಂತ ನೋವಿದೆಯೇ ಇಲ್ಲವೇ ಎನ್ನುವುದನ್ನು ನೋಡಿ.

ನವರಾತ್ರಿಯ ಎರಡನೆಯ ದಿನ. ನಾನು ಬೊಂಬೆಗಳ ಮುಂದೆ ದೀಪ ಹಚ್ಚುತ್ತಿದ್ದೆ. ಬಚ್ಚಲಿನಿಂದ ಕೂಗು ಬಂತು, “ಅಜ್ಜೀ, ಮಣೆ ಹಾಕು!” ಓಡಿದೆ. ತಾನೇ ಚಡ್ಡಿ ಇಳಿಸಿಕೊಂಡು ನಿಂತಿದ್ದ. ಹತ್ತಿಸಿ ಕೂರಿಸಿದೆ. ಗುಳ್ಳೆಯೂ ಬೇಡ, ಕತೆಯೂ ಬೇಡ. “ನೀನು ಆಚೆ ಹೋಗು” ಅಂದ. ಬಾಗಿಲ ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ‘ಡುಬುಕ್’ ಎಂದು ಸದ್ದು, ಅದರ ಹಿಂದೆಯೇ ಅವನ ನಗು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಎಲೆಯ ತಟ್ಟೆ ಮುಂದಿಟ್ಟುಕೊಂಡೆ. ಐದು ತಿಂಗಳಿನಿಂದ ಅವನು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕದ್ದು ಹಾಕಿಕೊಳ್ಳುತ್ತಿದ್ದೆ. ಅವತ್ತು ಯಾಕೋ ಮರೆತು ಹಾಲಿನಲ್ಲೇ ಕೂತುಬಿಟ್ಟಿದ್ದೆ. ಪುಟ್ಟ ಬಂದು ಎದುರಿಗೆ ನಿಂತ. ನಾನು ತಟ್ಟೆಯನ್ನು ಮರೆಮಾಡಲು ಹೋದೆ. ಅವನು ಬಗ್ಗಿ ಒಂದು ಎಲೆ ಎತ್ತಿಕೊಂಡ, ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ನನ್ನ ಕೈಗೆ ಕೊಟ್ಟು ಕಟ್ಟುನಿಟ್ಟಾಗಿ ಹೇಳಿದ:

“ಇದು ಅಜ್ಜಿ ಬಾಯಿಗೆ. ಅಷ್ಟೇ.”

“ಹೂಂ ಕಣಪ್ಪ, ಅಷ್ಟೇ” ಎಂದು ಬಾಯಿಗೆ ಹಾಕಿಕೊಂಡೆ.